ಕಂದೂರ, ಪಂಚೆ ಮತ್ತು ಕಚೇರಿಯ ಬಾಗಿಲು

2016ರ ಜೂನ್‌ನಲ್ಲಿ ಸೌದಿ ಅರೇಬಿಯಾದ ರಾಜಕುಮಾರ ಮೊಹಮ್ಮದ್ ಬಿನ್ ಸಲ್ಮಾನ್ ಸಿಲಿಕಾನ್ ವ್ಯಾಲಿಗೆ ಬಂದಿದ್ದರು. ಅವರ ದೇಶದ ಹೂಡಿಕೆ ನಿಧಿಯು ಸ್ಯಾನ್ ಫ್ರಾನ್ಸಿಸ್ಕೋದ ಊಬರ್ ಕಂಪನಿಗೆ 350 ಕೋಟಿ ಡಾಲರ್ ಹಾಕಿದ ತಿಂಗಳೂ ಅದೇ. ತಮ್ಮ ನಾಡಿನಲ್ಲಿ ಉದ್ದನೆಯ ನಿಲುವಂಗಿ, ತಲೆವಸ್ತ್ರ ಧರಿಸಿ ಜನರ ಮುಂದೆ ಬರುವ ಅವರು ಮಾರ್ಕ್ ಜುಕರ್‌ಬರ್ಗ್ ಅವರನ್ನು ಕಾಣಲು ಫೇಸ್‌ಬುಕ್ ಕಚೇರಿಗೆ ಹೋದದ್ದು ಜೀನ್ಸ್ ಮತ್ತು ಬ್ಲೇಜರ್ ತೊಟ್ಟು. 2018ರ ಏಪ್ರಿಲ್‌ನಲ್ಲಿ, ಬೂದು ಟೀ ಶರ್ಟಿಗೆ ಹೆಸರಾದ ಜುಕರ್‌ಬರ್ಗ್ ಅಮೆರಿಕದ ಸಂಸತ್ತಿಗೆ ಉತ್ತರ ಹೇಳಲು ಹೋದಾಗ ಸೂಟು ತೊಟ್ಟು ಟೈ ಕಟ್ಟಿದ್ದರು. ಕೋಟಿಗಟ್ಟಲೆ ಹಣವಿದ್ದವರೂ ಇನ್ನೊಬ್ಬರ ಅಂಗಳಕ್ಕೆ ಕಾಲಿಡುವಾಗ ಅಲ್ಲಿನ ಉಡುಪಿಗೆ ಬದಲಾಗುತ್ತಾರೆ. ಅದರಲ್ಲಿ ಅವಮಾನವೇನೂ ಇಲ್ಲ, ಮರುದಿನ ಇಬ್ಬರೂ ತಮ್ಮ ಬಟ್ಟೆಗೆ ಮರಳಬಲ್ಲವರು. ಹಾಗೆ ಮರಳಲು ಆಗದವರದ್ದೇ ನನ್ನ ಚಿಂತೆ.

ಹಳೆಯ ಉಡುಪಿಗೂ ಹೊಸ ತಂತ್ರಜ್ಞಾನಕ್ಕೂ ಹೊಂದುತ್ತದೆಯೇ ಎಂದು ಇನ್ನೂ ಕೇಳುವವರಿದ್ದಾರೆ. ಈ ಪ್ರಶ್ನೆಗೆ ಉತ್ತರ ಸಿಕ್ಕಿ ಬಹುಕಾಲವಾಯಿತು. 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ನೌಕೆ ಕಕ್ಷೆ ಸೇರಿದಾಗ, ಸೀರೆ ಉಟ್ಟು ಹೂ ಮುಡಿದ ಇಸ್ರೋ ಮಹಿಳೆಯರು ಬೆಂಗಳೂರಿನಲ್ಲಿ ನಗುತ್ತಿದ್ದ ಚಿತ್ರವನ್ನು ಜಗತ್ತು ಬೆರಗಿನಿಂದ ನೋಡಿತು. ನಮಗೆ ಅದರಲ್ಲಿ ಬೆರಗಿರಲಿಲ್ಲ. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಕಾಲೇಜಿನಲ್ಲಿ ಹಾಗೆಯೇ ಕೆಲಸ ಮಾಡುವ ಹೆಂಗಸರನ್ನು ಕಂಡೇ ಬೆಳೆದವರು ನಾವು. 2021ರ ಫೆಬ್ರವರಿ 9ರಂದು ಅರಬ್ ಎಮಿರೇಟ್ಸ್‌ನ ‘ಅಮಲ್’ ನೌಕೆ ಅದೇ ಮಂಗಳನನ್ನು ತಲುಪಿದಾಗ ದುಬೈಯಲ್ಲಿ ಸಂಭ್ರಮಿಸಿದವರಲ್ಲಿ ಕಂದೂರವೆಂಬ ಉದ್ದನೆಯ ನಿಲುವಂಗಿ ತೊಟ್ಟ ಗಂಡಸರಿದ್ದರು, ತಲೆವಸ್ತ್ರ ಧರಿಸಿದ ವಿಜ್ಞಾನಿ ಹೆಂಗಸರಿದ್ದರು. ಆ ಯೋಜನೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದ್ದೇ ಆದ ಬರ್ಕ್ಲಿ ವಿಶ್ವವಿದ್ಯಾಲಯದ ಬಾಹ್ಯಾಕಾಶ ಪ್ರಯೋಗಾಲಯವೂ ಪಾಲುದಾರನಾಗಿತ್ತು. ಯಂತ್ರಕ್ಕೆ ತನ್ನ ಮುಂದೆ ಕುಳಿತವರ ಬಟ್ಟೆ ಕಾಣುವುದಿಲ್ಲ. ಬಟ್ಟೆ ನೋಡುವುದು, ನೋಡಿ ತಡೆಯುವುದು ಮನುಷ್ಯರೇ.

ತಡೆಯುವವರಲ್ಲಿ ಕೆಲವೊಮ್ಮೆ ನಾವೇ ಇರುತ್ತೇವೆ. ಕೊಲ್ಲಿ ದೇಶಗಳಲ್ಲಿ ಕಂದೂರ ದಿನನಿತ್ಯದ ಕೆಲಸದ ಬಟ್ಟೆ. ಸರ್ಕಾರಿ ಕಚೇರಿಯ ಮೇಜಿನಲ್ಲೂ ವಿಮಾನ ನಿಲ್ದಾಣದ ಪಾಸ್‌ಪೋರ್ಟ್ ಕಟ್ಟೆಯಲ್ಲೂ ಅದು ಇದೆ. ಬೇ ಏರಿಯಾದ ಕನ್ನಡಿಗ ಗಂಡಸರ ಪಂಚೆ, ಶಲ್ಯ ಹೊರಬರುವುದು ರಾಜ್ಯೋತ್ಸವಕ್ಕೆ, ಯುಗಾದಿಗೆ, ಮದುವೆಗೆ. ಹೆಂಗಸರ ಸೀರೆಯೂ ಇಲ್ಲಿ ಶನಿವಾರ ಭಾನುವಾರದ ಪಾಲಾಗಿದೆ. ಇವನ್ನು ಕಚೇರಿಗೆ ಉಡುವುದನ್ನು ಯಾರೂ ನಿಷೇಧಿಸಿಲ್ಲ. ಹೂಡಿ ತೊಟ್ಟವನು ಎಂಜಿನಿಯರ್, ಪಂಚೆ ಉಟ್ಟವನು ಊರಿನಿಂದ ಬಂದ ಅಪ್ಪ ಎಂದು ನಾವೇ ಒಪ್ಪಿಕೊಂಡುಬಿಟ್ಟಿದ್ದೇವೆ. ಹಬ್ಬಕ್ಕೆಂದು ಮಾತ್ರ ಉಳಿದ ಬಟ್ಟೆ ಬದುಕಿನಿಂದ ಆಗಲೇ ಹೊರಬಿದ್ದಿದೆ ಎಂದೇ ನಾನು ನಂಬುತ್ತೇನೆ. ಕೋಟಿನ ಮೇಲೆ ಮೈಸೂರು ಪೇಟ ಇಟ್ಟ ವಿಶ್ವೇಶ್ವರಯ್ಯನವರ ಚಿತ್ರ ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಗೋಡೆಯ ಮೇಲಿದೆ. ಆ ಪೇಟ ಅವರ ಕೆಲಸದ ಬದುಕಿನ ಭಾಗವಾಗಿತ್ತು, ನಮಗೆ ಅದು ಸನ್ಮಾನದ ಸಾಮಗ್ರಿ.

ಹಾಗೆಂದು ಕಂದೂರವನ್ನು ಕೊಂಡಾಡುತ್ತ ನಿಲ್ಲಲಾರೆ. ಅಲ್ಲಿ ಅದು ನಾಗರಿಕನನ್ನು ವಲಸೆ ಬಂದವನಿಂದ ದೂರದಿಂದಲೇ ಬೇರ್ಪಡಿಸುವ ಗುರುತೂ ಹೌದು. ಮಂಗಳೂರು, ಉಡುಪಿ, ಭಟ್ಕಳದಿಂದ ಹೋಗಿ ದುಡಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನು ಹೆಂಗಸರು ಇಂಥದ್ದನ್ನೇ ಹೊದೆಯಬೇಕೆಂದು ಸರ್ಕಾರವೇ ಕಟ್ಟಳೆ ಮಾಡಿದ ದೇಶಗಳಲ್ಲಿ ಪರಂಪರೆಯ ಮಾತು ಎತ್ತಲೂ ನನಗೆ ಮನಸ್ಸಾಗದು. ಉಡುಪು ನನ್ನದಾಗುವುದು, ಬೇಕೆನಿಸಿದ ದಿನ ತೊಟ್ಟು ಬೇಡವೆನಿಸಿದ ದಿನ ತೆಗೆದಿಡಬಲ್ಲೆನಾದರೆ ಮಾತ್ರ.

ಈ ಮಾತಿನ ನಿಜವಾದ ಪರೀಕ್ಷೆ ನಡೆದದ್ದು ಬೇ ಏರಿಯಾದ ಒಂದು ಬಟ್ಟೆ ಅಂಗಡಿಯಲ್ಲಿ. ಸ್ಯಾನ್ ಮಟೇಯೊದ ಹಾಲಿಸ್ಟರ್ ಮಳಿಗೆಯ ದಾಸ್ತಾನು ಕೋಣೆಯಲ್ಲಿ ಕಾಲೇಜು ವಯಸ್ಸಿನ ಮುಸ್ಲಿಂ ಹುಡುಗಿಯೊಬ್ಬಳು ದುಡಿಯುತ್ತಿದ್ದಳು. ತಲೆವಸ್ತ್ರ ಕಂಪನಿಯ ಬಣ್ಣಗಳಲ್ಲಿರಲಿ ಎಂದರು, ಒಪ್ಪಿದಳು. ತಿಂಗಳುಗಳ ಮೇಲೆ ಬಂದ ಮೇಲಧಿಕಾರಿಯ ಕಣ್ಣಿಗೆ ಅದು ಬಿತ್ತು. ತೆಗೆಯಲಾರೆ ಎಂದದ್ದಕ್ಕೆ 2010ರ ಫೆಬ್ರವರಿಯಲ್ಲಿ ಕೆಲಸ ಹೋಯಿತು. ಅಂಗಡಿಗೊಂದು ‘ನೋಟ’ದ ನಿಯಮವಿದೆ, ಅದು ಕೆಟ್ಟರೆ ವ್ಯಾಪಾರಕ್ಕೆ ಪೆಟ್ಟು ಎಂಬುದು ಮಾತೃಸಂಸ್ಥೆ ಆಬರ್‌ಕ್ರಾಂಬಿಯ ವಾದ. 2013ರಲ್ಲಿ ನ್ಯಾಯಾಧೀಶೆ ಇವಾನ್ ಗೊಂಜಾಲೆಸ್ ರೋಜರ್ಸ್ ಇದನ್ನು ಒಪ್ಪಲಿಲ್ಲ. ಕಂಪನಿ ತನ್ನವರ ಅಭಿಪ್ರಾಯಗಳನ್ನು ತಂದಿತ್ತೇ ಹೊರತು ನಷ್ಟದ ಪುರಾವೆಯನ್ನು ತಂದಿರಲಿಲ್ಲ. ಮಿಲ್ಪಿಟಾಸ್‌ನಲ್ಲಿ ಇದೇ ಕಾರಣಕ್ಕೆ ಕೆಲಸ ಸಿಗದ ಇನ್ನೊಬ್ಬಳ ಪ್ರಕರಣವೂ ಸೇರಿ ಕಂಪನಿ 71,000 ಡಾಲರ್ ತೆತ್ತಿತು, ನಿಯಮಗಳನ್ನೂ ತಿದ್ದಬೇಕಾಯಿತು. ಗಿರಾಕಿಗಳ ಕಣ್ಣಿಗೇ ಅಷ್ಟಾಗಿ ಬೀಳದ ಕೋಣೆಯಲ್ಲಿ ಪೆಟ್ಟಿಗೆ ಬಿಚ್ಚುವವಳ ತಲೆವಸ್ತ್ರದಿಂದ ವ್ಯಾಪಾರ ಕೆಡುತ್ತದೆಂದು ಒಂದು ದೊಡ್ಡ ಕಂಪನಿ ನ್ಯಾಯಾಲಯದವರೆಗೂ ವಾದಿಸಿತಲ್ಲ, ಅದು ನನ್ನನ್ನು ಇಂದಿಗೂ ಕಾಡುತ್ತದೆ.

2013ರಿಂದ ಕ್ಯಾಲಿಫೋರ್ನಿಯಾದಲ್ಲಿ ಜಾರಿಯಲ್ಲಿರುವ ಕಾನೂನು ಧಾರ್ಮಿಕ ಉಡುಪು, ಕೇಶ, ಗಡ್ಡಗಳಿಗೆ ಸ್ಪಷ್ಟ ರಕ್ಷಣೆ ಕೊಡುತ್ತದೆ. ನೌಕರರನ್ನು ಗಿರಾಕಿಗಳ ಕಣ್ಣಿಗೆ ಬೀಳದಂತೆ ಒಳಗೆ ಕೂರಿಸಿ, ‘ಅನುಕೂಲ ಮಾಡಿಕೊಟ್ಟೆವು’ ಎನ್ನಲು ಮಾಲೀಕರಿಗೆ ಬರುವುದಿಲ್ಲ. ಸಿಖ್ಖರ ಪೇಟವನ್ನು ಕಾಯುವ ಈ ಕಾನೂನೇ ನಮ್ಮ ಜನಿವಾರ, ಕುಂಕುಮ, ವಿಭೂತಿಗಳನ್ನೂ ಕಾಯುತ್ತದೆ.

ಊರಿನಲ್ಲಿ ನಾವು ಬೇರೆ ತೂಕದ ಬಟ್ಟು ಹಿಡಿಯುತ್ತೇವೆ. 2022ರಲ್ಲಿ ತರಗತಿಯಲ್ಲಿ ಹಿಜಾಬ್ ಬೇಡ ಎಂಬ ಆದೇಶವನ್ನು ಕರ್ನಾಟಕದ ಹೈಕೋರ್ಟ್ ಮಾರ್ಚ್ 15ರಂದು ಎತ್ತಿಹಿಡಿಯಿತು. ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. 2025ರ ಏಪ್ರಿಲ್‌ನಲ್ಲಿ ಸಿಇಟಿ ಬರೆಯಲು ಹೋದ ಹುಡುಗರಿಗೆ ಬೀದರ್, ಶಿವಮೊಗ್ಗಗಳಲ್ಲಿ ಜನಿವಾರ ತೆಗೆಯಲು ಹೇಳಿದಾಗ ನಾಡು ಕೆರಳಿತು, ಕೆರಳಿದ್ದು ಸರಿಯೇ. ಒಂದಕ್ಕೆ ನೊಂದು ಇನ್ನೊಂದಕ್ಕೆ ಚಪ್ಪಾಳೆ ತಟ್ಟಿದವರು ಎರಡೂ ಕಡೆ ಇದ್ದಾರೆ. ಪರೀಕ್ಷೆಗೆ ಓದಿಕೊಂಡು ಬಂದ ಮಗುವನ್ನು ಬಾಗಿಲಲ್ಲಿ ನಿಲ್ಲಿಸುವುದು ಎರಡೂ ಸಲ ತಪ್ಪು.

ಸನಿವೇಲ್, ಫ್ರೀಮಾಂಟ್, ಸ್ಯಾನ್ ಹೊಸೆಯಲ್ಲಿ ಇಂದು ಎಷ್ಟೋ ಕನ್ನಡಿಗರು ಸಂದರ್ಶನದ ಮೇಜಿನ ಆಚೆ, ಕೆಲಸ ಕೊಡುವವರ ಕುರ್ಚಿಯಲ್ಲಿದ್ದಾರೆ. ತಲೆವಸ್ತ್ರ ಹೊದ್ದ ಹುಡುಗಿಯೋ ನಿಲುವಂಗಿ ತೊಟ್ಟ ಹುಡುಗನೋ ಎದುರು ಬಂದು ಕುಳಿತಾಗ ‘ನಮ್ಮ ತಂಡಕ್ಕೆ ಹೊಂದುತ್ತಾರೆಯೇ’ ಎಂಬ ಅನುಮಾನ ಮೂಡಿದರೆ, ದಯವಿಟ್ಟು ಅದನ್ನು ಅಲ್ಲಿಗೇ ಬಿಟ್ಟು, ಅವರು ಬರೆದ ಕೋಡ್ ನೋಡಿ.