ನಕ್ಷೆಯ ಅರಿವು, ಕೈಯ ಅರಿವು

ಒಂದು ಕಾರ್ಯವನ್ನು ಹೇಗೆ ಮಾಡಬೇಕೆಂದು ಚೆನ್ನಾಗಿ ವಿವರಿಸಬಲ್ಲವನು ಆ ಕಾರ್ಯವನ್ನು ಬಲ್ಲವನೆನಿಸುವನೆ? ಪ್ರಶ್ನೆಯು ಹಳೆಯದು. ‘ಪುಸ್ತಕದ ಬದನೆಕಾಯಿ’ ಎಂದು ನಮ್ಮ ಜನರು ನಗೆಯಾಡುವಾಗ ಇದಕ್ಕೆ ಒಂದು ಉತ್ತರವನ್ನು ಕೊಟ್ಟೇ ಇರುತ್ತಾರೆ. ಆದರೆ ಆ ಉತ್ತರವು ಪೂರ್ಣವಾದುದಲ್ಲ. ಪುಸ್ತಕವನ್ನು ಮುಟ್ಟದೆ ಬರಿಯ ಕೈಯನ್ನೇ ನಂಬಿದವನು ಅನೇಕ ವೇಳೆ ತನ್ನ ತಪ್ಪನ್ನೇ ಹತ್ತು ವರ್ಷ ಅಭ್ಯಾಸಮಾಡಿ, ಅದನ್ನು ಸ್ವಭಾವವಾಗಿಸಿಕೊಂಡಿರುತ್ತಾನೆ. ತಿಳಿವಿಗೂ ಬಳಕೆಗೂ ಇರುವ ಸಂಬಂಧವನ್ನು ವಿಚಾರಮಾಡುವುದಕ್ಕೆ ಗಾಲ್ಫ್ ಆಟದ ಹೊಡೆತವು ಒಳ್ಳೆಯ ನಿದರ್ಶನವಾಗಿದೆ.

ಈ ಆಟವು ಸ್ಕಾಟ್ಲೆಂಡಿನಲ್ಲಿ ಬೆಳೆದುದು; ಬೆಂಗಳೂರಿನಲ್ಲಿ ಇದರ ಸಂಘವು 1876ರಲ್ಲಿಯೇ ಸ್ಥಾಪಿತವಾಯಿತು. ನೋಡುವವರಿಗೆ ಇದು ಅತಿ ಸುಲಭವೆಂದು ತೋರುವುದು. ಚೆಂಡು ನೆಲದ ಮೇಲೆ ನಿಶ್ಚಲವಾಗಿ ಕುಳಿತಿರುತ್ತದೆ; ಎದುರಾಳಿಯು ಅದನ್ನು ಕಸಿಯಲು ಬರುವುದಿಲ್ಲ; ಆಟಗಾರನು ಸಾವಧಾನವಾಗಿ ನಿಂತು, ಕೋಲನ್ನು ಹಿಂದಕ್ಕೆತ್ತಿ ಬೀಸುತ್ತಾನೆ, ಅಷ್ಟೆ. ಆದರೆ ಈ ಒಂದು ಬೀಸನ್ನು ಅಮೆರಿಕದ ಹೋಮರ್ ಕೆಲ್ಲಿ ಎಂಬವರು 1969ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ 24 ಅಂಗಗಳಾಗಿ ವಿಂಗಡಿಸಿದರು. ಅದಕ್ಕೆ ಮೊದಲು, 1957ರಲ್ಲಿ, ಪ್ರಸಿದ್ಧ ಆಟಗಾರ ಬೆನ್ ಹೋಗನ್ನರು ಅದನ್ನೇ ಐದು ಪಾಠಗಳಲ್ಲಿ ಅಡಕಮಾಡಿದ್ದರು. ಅವರಿಬ್ಬರಿಗೂ ಎದುರಾದ ಕಷ್ಟವು ಒಂದೇ: ದೇಹವು ಒಂದೇ ಉಸಿರಿನಲ್ಲಿ ಮಾಡಿ ಮುಗಿಸುವುದನ್ನು ಪುಸ್ತಕವು ಒಂದಾದಮೇಲೊಂದರಂತೆ ಸಾಲಾಗಿ ಹೇಳಬೇಕಾಗುತ್ತದೆ.

ಈ ಸಾಲಿನ ಬಂಧನದಿಂದ ಬಿಡಿಸುವ ಉಪಾಯವೇ ಮೈಂಡ್ ಮ್ಯಾಪ್, ಎಂದರೆ ಮನೋನಕ್ಷೆ. ಶಾಖಾರೂಪದ ಚಿತ್ರಗಳು ಪೂರ್ವದಲ್ಲಿಯೂ ಇದ್ದುವು. ಆದರೆ ಈ ಹೆಸರಿನಿಂದ ಅವನ್ನು ಲೋಕದಲ್ಲಿ ಹರಡಿದವರು ಇಂಗ್ಲೆಂಡಿನ ಟೋನಿ ಬುಜಾನ್ (1942–2019). ಹಾಳೆಯ ನಡುವೆ ಮುಖ್ಯ ವಿಷಯವನ್ನು ಚಿತ್ರಿಸಿ, ಅದರಿಂದ ಕೊಂಬೆಗಳನ್ನು ಹೊರಡಿಸಿ, ಒಂದೊಂದು ಕೊಂಬೆಗೆ ಒಂದೊಂದು ಪದವನ್ನೂ ಬಣ್ಣವನ್ನೂ ಕೊಡುವುದು ಅದರ ಕ್ರಮ. ಬೀಸನ್ನು ಕಲಿಯುವವನು ಕೋಲು ಚೆಂಡನ್ನು ತಾಗುವ ಕ್ಷಣವನ್ನು ನಡುವೆ ಇರಿಸಿ, ಹಿಡಿತ, ನಿಲುವು, ಗುರಿ, ಹಿಂಬೀಸು, ಇಳಿಬೀಸು ಎಂಬ ಕೊಂಬೆಗಳನ್ನು ಅದರ ಸುತ್ತಲೂ ಬೆಳೆಸಬಹುದು.

ಇದರಿಂದಾಗುವ ಪ್ರಯೋಜನವು ಅಲ್ಪವಲ್ಲ. ಬಲಗೈ ಆಟಗಾರನೊಬ್ಬನ ಚೆಂಡು ಪ್ರತಿ ಸಲವೂ ಬಲಕ್ಕೆ ಬಾಗಿ ಪೊದೆಯನ್ನು ಸೇರುತ್ತಿದೆಯೆಂದಿಟ್ಟುಕೊಳ್ಳಿರಿ. ಅವನು ತನ್ನ ತೋಳುಗಳನ್ನು ದೂಷಿಸುವನು, ಇಲ್ಲವೆ ಅದೃಷ್ಟವನ್ನು. ನಕ್ಷೆಯುಳ್ಳವನಾದರೋ ಕಾರ್ಯದಿಂದ ಕಾರಣಕ್ಕೆ ಹಿಂದಿರುಗಿ ನಡೆಯಬಲ್ಲನು. ಕೋಲು ಬರುವ ದಾರಿಗೂ ಅದರ ಮುಖವು ನೋಡುವ ದಿಕ್ಕಿಗೂ ಅಂತರವಿದ್ದರೆ ಚೆಂಡು ಬಾಗುವುದು. ದಾರಿಗಿಂತ ಮುಖವು ಬಲಕ್ಕೆ ತೆರೆದಿದ್ದರೆ ಬಲಕ್ಕೆ ಬಾಗುವುದು. ಹಾಗೆ ತೆರೆದಿರುವುದಕ್ಕೆ ಅನೇಕ ವೇಳೆ ಹಿಡಿತವೇ ಕಾರಣವಾಗಿರುವುದು. ಹೀಗೆ ಮೂರು ಹೆಜ್ಜೆಯಲ್ಲಿ ಪೊದೆಯಿಂದ ಬೆರಳಿನವರೆಗೆ ದಾರಿ ಸಿಕ್ಕಿತು. ತಪ್ಪನ್ನು ಹಳಿಯುವುದನ್ನು ಬಿಟ್ಟು ಹುಡುಕುವುದನ್ನು ಕಲಿಸುವುದೇ ನಕ್ಷೆಯ ಉಪಕಾರ.

ಆದರೆ ಅದರ ಅಧಿಕಾರಕ್ಕೆ ಒಂದು ಎಲ್ಲೆಯುಂಟು. ಮೇಲಿನಿಂದ ಇಳಿಯುವ ಕೋಲು ಚೆಂಡನ್ನು ಮುಟ್ಟಲು ಸುಮಾರು ಕಾಲು ಸೆಕೆಂಡು ಸಾಕು. ಅವೆರಡೂ ಸೋಕಿಕೊಂಡಿರುವುದು ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗದಷ್ಟು ಮಾತ್ರ. ಅಷ್ಟರಲ್ಲಿ ಕೊಂಬೆಗಳನ್ನು ಎಣಿಸುವುದಕ್ಕೆ ಯಾವ ಬುದ್ಧಿಗೆ ಅವಕಾಶವಿದೆ? ಗಾಬ್ರಿಯೆಲೆ ವುಲ್ಫ್ ಮತ್ತು ಅವರ ಸಹೋದ್ಯೋಗಿಗಳು 1999ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ತಮ್ಮ ತೋಳುಗಳ ಚಲನೆಯನ್ನು ಗಮನಿಸಿದ ಹೊಸ ಆಟಗಾರರಿಗಿಂತ ಕೋಲಿನ ಚಲನೆಯನ್ನು ಗಮನಿಸಿದವರೇ ಗುರಿಗೆ ಹತ್ತಿರವಾಗಿ ಹೊಡೆದರು. ಒಂದು ವಿಷಯವನ್ನು ಇಂತಹುದೆಂದು ತಿಳಿಯುವುದು ಬೇರೆ, ಹೀಗೆ ಮಾಡಬೇಕೆಂಬುದನ್ನು ಮಾಡಬಲ್ಲವನಾಗುವುದು ಬೇರೆ ಎಂದು ತತ್ತ್ವಜ್ಞ ಗಿಲ್ಬರ್ಟ್ ರೈಲ್ 1949ರ ತಮ್ಮ ಗ್ರಂಥದಲ್ಲಿ ವಾದಿಸಿದ್ದು ಇಲ್ಲಿ ಕಣ್ಣಿಗೆ ಕಾಣುವಂತಿದೆ.

ಇಲ್ಲಿಯೇ ನೀತಿಯ ಪ್ರಶ್ನೆಯೂ ಏಳುವುದು. ನಕ್ಷೆಯು ಅಂದವಾದ ವಸ್ತು. ಒಂದು ಸಂಜೆಯಲ್ಲಿ ಮುಗಿಯುವುದು. ಬರೆದವನಿಗೆ ಎಂದಿಗೂ ಎದುರಾಡುವುದಿಲ್ಲ. ಅದನ್ನು ಮುಗಿಸಿದಾಗ ಆಗುವ ಸಂತೋಷವು ಕಲಿತೆನೆಂಬ ಸಂತೋಷವನ್ನೇ ಹೋಲುತ್ತದೆ; ವಂಚನೆಯಿರುವುದು ಆ ಹೋಲಿಕೆಯಲ್ಲಿ. ಚೆಂಡು ಹಾಗಲ್ಲ, ಅದು ದಾಕ್ಷಿಣ್ಯವಿಲ್ಲದ ಸಾಕ್ಷಿ. ಈ ಸಾಕ್ಷಿಯ ಮಾತಿನಂತೆ ತಿದ್ದಲ್ಪಡುವ ನಕ್ಷೆಯು ಜ್ಞಾನ. ಅದನ್ನು ಕೇಳಲೊಲ್ಲದ ನಕ್ಷೆಯು ಅಲಂಕಾರ. ಆದುದರಿಂದ ಹೊಡೆತಕ್ಕೆ ಮೊದಲು ನಕ್ಷೆಯನ್ನು ನೋಡಬೇಕು, ಹೊಡೆದಮೇಲೆ ತಿದ್ದಬೇಕು, ಹೊಡೆಯುವಾಗ ಮಡಿಸಿಡಬೇಕು. ಒಂದು ಸಲಕ್ಕೆ ಒಂದೇ ಕೊಂಬೆಯನ್ನು ಹಿಡಿದು ಅಭ್ಯಾಸಮಾಡಬೇಕು.

ಸದಾಚಾರದ ಅಭ್ಯಾಸಕ್ಕೂ ಇದು ಸಲ್ಲುವುದೆಂದು ತೋರುತ್ತದೆ. ಬೆಂಜಮಿನ್ ಫ್ರ್ಯಾಂಕ್ಲಿನ್ನರು (1706–1790) ಹದಿಮೂರು ಗುಣಗಳ ಪಟ್ಟಿಯೊಂದನ್ನು ಮಾಡಿಕೊಂಡು, ವಾರಕ್ಕೊಂದು ಗುಣದ ಮೇಲೆ ವಿಶೇಷವಾಗಿ ಮನಸ್ಸಿಟ್ಟು, ದಿನದಿನದ ತಪ್ಪುಗಳಿಗೆ ಕರಿಯ ಚುಕ್ಕೆಯನ್ನಿಡುತ್ತಿದ್ದುದನ್ನು ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಆ ಪಟ್ಟಿಗೆ ಬೆಲೆ ಬಂದುದು ಗುಣಗಳ ಹೆಸರಿನಿಂದಲ್ಲ, ಚುಕ್ಕೆಗಳಿಂದ. ನಮ್ಮಲ್ಲಿ ಶಾಂತಿ, ದಯೆ, ಸತ್ಯಗಳ ಲಕ್ಷಣಗಳನ್ನು ಬಲ್ಲವರಿಗೆ ಕೊರತೆಯಿಲ್ಲ. ಅವುಗಳ ಪ್ರಭೇದಗಳನ್ನು ಕೊಂಬೆಕೊಂಬೆಯಾಗಿ ವಿವರಿಸಬಲ್ಲವನೇ ಮನೆಯ ಆಳಿನ ಕೈಯಿಂದ ಲೋಟ ಜಾರಿದಾಗ ಸಿಡುಕುವುದುಂಟು. ಆ ಸಿಡುಕೂ ಕಾಲು ಸೆಕೆಂಡಿನ ಕಾರ್ಯವೇ. ಆಗ ಶಾಸ್ತ್ರವನ್ನು ತೆರೆದು ನೋಡಲು ಸಮಯವಿಲ್ಲ. ಮೊದಲೇ ಕೈಗೆ ಬಂದಿರುವುದಷ್ಟೇ ಆಗ ಒದಗುವುದು. ಹಾಗೆಂದು ಶಾಸ್ತ್ರವನ್ನು ಬಿಡಬೇಕಾಗಿಲ್ಲ. ಸಿಡುಕಿದ ಮೇಲೆ ಅದರ ಮೂಲವನ್ನು ಹುಡುಕಿ, ನಾಳೆಯ ಅಭ್ಯಾಸವನ್ನು ಗೊತ್ತುಮಾಡಿಕೊಳ್ಳುವುದಕ್ಕೆ ಅದೇ ಬೇಕು. ಅರಿವು ಅಭ್ಯಾಸಕ್ಕೆ ದಾರಿಯನ್ನು ತೋರಿಸಲಿ. ಅರಿವು ನಿಜವೋ ಅಲ್ಲವೋ ಎಂಬುದನ್ನು ಅಭ್ಯಾಸವು ಹೇಳಲಿ. ಈ ಎರಡರ ಮಾತುಕತೆ ನಿಲ್ಲದಿರುವಲ್ಲಿ ಮನುಷ್ಯನು ದಿನಕ್ಕೆ ಸ್ವಲ್ಪವಾದರೂ ಮೇಲಾಗುತ್ತಿರುವನೆಂದು ನಂಬಬಹುದು.