ಧ್ವನಿಪೆಟ್ಟಿಗೆಯೊಳಗಿನ ಜೀವ: ಒಂದು ಧರ್ಮಜಿಜ್ಞಾಸೆ

ಗೃಹಸ್ಥನಾದ ಶ್ರಾವಕನಿಗೆ ವೃತ್ತಿಯ ಪ್ರಶ್ನೆ ಎಂದಿಗೂ ಸಣ್ಣದಲ್ಲ. ಯಾವ ಕಸುಬನ್ನು ಮಾಡಬಹುದು, ಯಾವುದನ್ನು ಬಿಡಬೇಕು, ಮಾಡಬಹುದಾದ ಕಸುಬನ್ನಾದರೂ ಯಾವ ರೀತಿಯಲ್ಲಿ ಮಾಡಬೇಕು ಎಂಬುದನ್ನು ಪೂರ್ವಾಚಾರ್ಯರು ಬಹು ಸೂಕ್ಷ್ಮವಾಗಿ ವಿಚಾರ ಮಾಡಿದ್ದಾರೆ. ಇದ್ದಲು ಸುಡುವುದು, ಕಾಡು ಕಡಿಯುವುದು, ದಂತ, ಅರಗು, ವಿಷ ಮೊದಲಾದವುಗಳ ವ್ಯಾಪಾರ, ಹೀಗೆ ಹದಿನೈದು ಬಗೆಯ ಕ್ರೂರ ವೃತ್ತಿಗಳನ್ನು ಖರಕರ್ಮಗಳೆಂದು ಕರೆದು, ಅವುಗಳಿಂದ ದೂರವಿರಬೇಕೆಂದು ಹೇಳಿದ್ದಾರೆ. ಅವರ ಕಾಲದಲ್ಲಿ ವಿದ್ಯುತ್ತಿನಿಂದ ಹಾಡುವ ಪೆಟ್ಟಿಗೆ ಇರಲಿಲ್ಲ. ಆದರೆ ಕಸುಬು ಹೊಸದಾದ ಮಾತ್ರಕ್ಕೆ ಧರ್ಮದ ಅಳತೆಗೋಲು ಹಳತಾಗುವುದಿಲ್ಲ. ಸಣ್ಣದೊಂದು ಕಾರ್ಯಾಗಾರದಲ್ಲಿ ಉತ್ತಮ ದರ್ಜೆಯ ಸ್ಪೀಕರುಗಳನ್ನು ಕೈಯಿಂದಲೇ ತಯಾರಿಸುವ ಕೆಲಸವನ್ನು ಆ ಅಳತೆಗೋಲಿನಿಂದ ಅಳೆದರೆ ಏನು ತೋರುತ್ತದೆ? ಮೇಲುನೋಟಕ್ಕೆ ಇದು ಯಾವ ಜೀವಿಗೂ ನೋವು ಕೊಡದ, ನಾದಸೇವೆಯೆಂದೇ ಕರೆಯಬಹುದಾದ ಕಸುಬು. ಪೆಟ್ಟಿಗೆಯನ್ನು ಬಿಚ್ಚಿ ಒಳಗೆ ನೋಡಿದಾಗ ಪ್ರಶ್ನೆ ಅಷ್ಟು ಸರಳವಾಗಿ ಉಳಿಯುವುದಿಲ್ಲ.

ವಿಚಾರದ ಅನುಕೂಲಕ್ಕಾಗಿ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ನರಸಿಂಹರಾಜಪುರ ಸೀಮೆಯ ಕಡಹಿನಬೈಲು ತೋಟ, ಗದ್ದೆ, ಕಾಡುಗಳ ನಡುವಿನ ಮಲೆನಾಡಿನ ಊರು. ಜ್ವಾಲಾಮಾಲಿನೀ ದೇವಿಯ ಸನ್ನಿಧಿಯಿಂದಲೂ ಬಸ್ತಿಮಠದಿಂದಲೂ ಪ್ರಸಿದ್ಧವಾದ ಸಿಂಹನಗದ್ದೆ ಇದೇ ಸೀಮೆಗೆ ಸೇರಿದುದು. ಅಂತಹ ಊರಿನಲ್ಲಿ ಮರಗೆಲಸ ಬಲ್ಲ, ಸಂಗೀತದ ಕಿವಿಯಿರುವ ಶ್ರಾವಕನೊಬ್ಬ ಮನೆಯ ಹಿತ್ತಿಲ ಕೊಟ್ಟಿಗೆಯಲ್ಲಿ ಸ್ಪೀಕರು ತಯಾರಿಸಲು ತೊಡಗಿದನೆಂದು ಭಾವಿಸೋಣ. ಇದು ಅಸಂಭವವೇನಲ್ಲ. ಇಂಗ್ಲೆಂಡಿನ ಹೆಸರಾಂತ ವಾರ್ಫ್‌ಡೇಲ್ ಸಂಸ್ಥೆ ಪ್ರಾರಂಭವಾದದ್ದೇ 1932ರಲ್ಲಿ, ಗಿಲ್ಬರ್ಟ್ ಬ್ರಿಗ್ಸ್ ಎಂಬವರ ಮನೆಯ ನೆಲಮಾಳಿಗೆಯಲ್ಲಿ. ನೆರೆಯ ಕೇರಳದ ಕೊಚ್ಚಿಯಲ್ಲಿ ತಯಾರಾಗುವ ರೆಥ್ಮ್ ಸ್ಪೀಕರುಗಳು ಹೊರದೇಶಗಳ ರಸಿಕರನ್ನೂ ತಲುಪಿವೆ.

ಕೆಲಸದ ತತ್ತ್ವ ಸರಳವಾದುದು. ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬ ಇಬ್ಬರು ಎಂಜಿನಿಯರುಗಳು 1925ರಲ್ಲಿ ಪ್ರಕಟಿಸಿದ ವಿಧಾನವೇ ಇಂದಿಗೂ ಬಹುಪಾಲು ಸ್ಪೀಕರುಗಳ ಆಧಾರ. ಅಯಸ್ಕಾಂತದ ಸಂದಿನಲ್ಲಿ ತಂತಿಯ ಸುರುಳಿಯೊಂದು ತೂಗಿಕೊಂಡಿರುತ್ತದೆ. ಅದರಲ್ಲಿ ಹಾಡಿನ ವಿದ್ಯುತ್ತು ಹರಿದಂತೆ ಅದು ಹಿಂದುಮುಂದಾಗಿ ಅಲುಗುತ್ತದೆ. ಅದಕ್ಕೆ ಅಂಟಿಸಿದ ಕಾಗದದ ಕೋನ್ ಗಾಳಿಯನ್ನು ಅಲುಗಿಸುತ್ತದೆ. ಮಂದ್ರ ಸ್ವರಗಳಿಗೆ ದೊಡ್ಡ ಕೋನಿನ ವೂಫರ್, ತಾರ ಸ್ವರಗಳಿಗೆ ರೂಪಾಯಿ ನಾಣ್ಯದಷ್ಟೇ ಅಗಲದ ಗುಮ್ಮಟವುಳ್ಳ ಟ್ವೀಟರ್, ಇವೆರಡಕ್ಕೂ ಸ್ವರಗಳನ್ನು ಹಂಚಿಕೊಡುವ ಕ್ರಾಸ್‌ಓವರ್, ಎಲ್ಲವನ್ನೂ ಹಿಡಿದಿಡುವ ಮರದ ಪೆಟ್ಟಿಗೆ, ಇಷ್ಟೇ ಅದರ ಸಂಸಾರ. ಕುಶಲಕರ್ಮಿಯ ಜಾಣ್ಮೆಯೆಲ್ಲ ಇವುಗಳನ್ನು ಹೊಂದಿಸುವುದರಲ್ಲಿದೆ. ವೀಣೆ ಮಾಡುವವನ ಕೆಲಸಕ್ಕೂ ಇವನ ಕೆಲಸಕ್ಕೂ ಇಲ್ಲೊಂದು ಮುಖ್ಯ ಭೇದವುಂಟು. ವೀಣೆಯ ಹಲಸಿನ ಕೊಡ ತಂತಿಯೊಡನೆ ತಾನೂ ಹಾಡಬೇಕು. ಸ್ಪೀಕರಿನ ಪೆಟ್ಟಿಗೆಯಾದರೋ ಮೌನವಾಗಿರಬೇಕು. ಅದರ ಹಲಗೆ ತಾನೂ ಕಂಪಿಸಿದರೆ ಗಾಯಕನ ಕಂಠಕ್ಕೆ ಮರದ ಕಂಠ ಬೆರೆತು, ಕೇಳುವವನಿಗೆ ತಲುಪುವುದು ಯಾರೂ ಹಾಡದ ಹಾಡು. ಆದುದರಿಂದಲೇ ಒಳಗೆ ಅಡ್ಡಪಟ್ಟಿಗಳನ್ನು ಬಿಗಿದು, ಹತ್ತಿ ಉಣ್ಣೆಗಳನ್ನು ತುಂಬಿ, ಪೆಟ್ಟಿಗೆಯ ಸ್ವಂತ ದನಿಯನ್ನು ಅಡಗಿಸುತ್ತಾರೆ.

ತನ್ನದೇನನ್ನೂ ಸೇರಿಸದಿರುವುದು, ಇದ್ದುದನ್ನು ಇದ್ದಂತೆಯೇ ಒಪ್ಪಿಸುವುದು ಈ ವಿದ್ಯೆಯ ಗುರಿ. ಬ್ರಿಗ್ಸ್ 1954ರಲ್ಲಿ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲಿನಲ್ಲಿ ಸಹೃದಯರನ್ನು ಸೇರಿಸಿ, ಕಲಾವಿದರ ನೇರ ವಾದನವನ್ನೂ ಸ್ಪೀಕರಿನ ಧ್ವನಿಯನ್ನೂ ಹೋಲಿಸಿ ಕೇಳುವ ಅವಕಾಶವನ್ನು ಒದಗಿಸಿದರು. ತಯಾರಕನೊಬ್ಬ ತನ್ನ ವಸ್ತುವನ್ನು ಸಾರ್ವಜನಿಕರ ಎದುರು ಹೀಗೆ ಸತ್ಯದ ಒರೆಗಲ್ಲಿಗೆ ಹಚ್ಚಿದ್ದು ಮೆಚ್ಚತಕ್ಕ ವಿಷಯ. ಸತ್ಯಾಣುವ್ರತದ ಛಾಯೆಯನ್ನು ಇಂತಹ ಕಸುಬಿನಲ್ಲಿ ಕಾಣುವುದು ಅಸಂಗತವಲ್ಲ. ಆದರೆ ಧ್ವನಿ ಸತ್ಯವಾದರೆ ಸಾಕೇ? ಧ್ವನಿಯನ್ನು ಹೊರಡಿಸುವ ಸಾಧನವೂ ಶುದ್ಧವಾಗಿರಬೇಡವೇ?

ಈ ಪ್ರಶ್ನೆ ಏಳುವುದು ಆ ಪುಟ್ಟ ಟ್ವೀಟರಿನಿಂದ. ಉತ್ತಮ ದರ್ಜೆಯ ಅನೇಕ ಟ್ವೀಟರುಗಳ ಗುಮ್ಮಟ ರೇಷ್ಮೆಯದು. ಹಗುರವಾಗಿ, ಮೃದುವಾಗಿ, ತಾನಾಗಿ ಝೇಂಕರಿಸದೆ ಇರುವುದರಿಂದ ರೇಷ್ಮೆಗೆ ಆ ಮಾನ್ಯತೆ. ರೇಷ್ಮೆ ಉತ್ಪಾದನೆಯಲ್ಲಿ ದೇಶಕ್ಕೇ ಮೊದಲಿಗನಾದ ಕರ್ನಾಟಕದಲ್ಲಿ ಆ ನೂಲು ಬರುವ ಬಗೆಯನ್ನು ಯಾರಿಗೂ ಹೇಳಬೇಕಾಗಿಲ್ಲ. ಗೂಡನ್ನು ಸೀಳಿ ಪತಂಗ ಹೊರಬಂದರೆ ಎಳೆ ತುಂಡಾಗುತ್ತದೆಯೆಂದು, ಒಳಗಿನ ಹುಳುವನ್ನು ಆವಿಯಲ್ಲಿಯೋ ಬಿಸಿಗಾಳಿಯಲ್ಲಿಯೋ ಮೊದಲೇ ಕೊಲ್ಲಲಾಗುತ್ತದೆ. ಪೆಟ್ಟಿಗೆಯ ಹೊಳಪಿಗೆ ಹಚ್ಚುವ ಹಳೆಯ ಕ್ರಮದ ಪಾಲಿಶ್ ಅರಗಿನಿಂದ ಆದುದು. ಅದು ಅರಗಿನ ಕೀಟಗಳ ಸ್ರಾವ, ಕೊಂಬೆಯಿಂದ ಕೆರೆದು ತೆಗೆಯುವಾಗ ಕೀಟಗಳೂ ಅದರೊಡನೆ ಹೋಗುತ್ತವೆ. ಹಲಗೆಗಳನ್ನು ಬೆಸೆಯಲು ಬಡಗಿಗಳು ಹಿಂದಿನಿಂದ ಬಳಸಿದ ಸರೇಸು ಪ್ರಾಣಿಗಳ ಚರ್ಮ ಮೂಳೆಗಳನ್ನು ಕುದಿಸಿ ತೆಗೆದ ಅಂಟು. ನಾದಕ್ಕಾಗಿ ಮಾಡಿದ ಪೆಟ್ಟಿಗೆಯಲ್ಲಿ ಹೀಗೆ ಎಷ್ಟೋ ಮೂಕ ಜೀವಗಳ ಪಾಲು ಸೇರಿರುತ್ತದೆ.

ಗೃಹಸ್ಥನ ಬದುಕಿನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ವಿಂಗಡಿಸುವುದು ರೂಢಿ. ಬೇಕೆಂದೇ ಮಾಡುವ ಸಂಕಲ್ಪೀ ಹಿಂಸೆಯನ್ನು ಶ್ರಾವಕನು ಪೂರ್ಣವಾಗಿ ಬಿಡತಕ್ಕದ್ದು. ಅಡುಗೆ, ಮನೆವಾರ್ತೆಗಳಲ್ಲಿ ಆಗುವ ಆರಂಭೀ ಹಿಂಸೆ, ಜೀವನೋಪಾಯದಲ್ಲಿ ಆಗುವ ಉದ್ಯೋಗೀ ಹಿಂಸೆ ಇವುಗಳನ್ನು ಪೂರ್ಣ ಬಿಡುವುದು ಅವನಿಗೆ ಅಸಾಧ್ಯವಾದುದರಿಂದ ಆದಷ್ಟು ಕಡಿಮೆ ಮಾಡತಕ್ಕದ್ದು. ಸ್ಪೀಕರಿನ ರೇಷ್ಮೆ ಯಾವುದರಲ್ಲಿ ಸೇರುತ್ತದೆ? ತಯಾರಕನು ಹುಳುವನ್ನು ಕೊಲ್ಲಬೇಕೆಂದು ಸಂಕಲ್ಪಿಸಲಿಲ್ಲ. ಕಸುಬಿಗಾಗಿ ಸಿದ್ಧವಸ್ತುವನ್ನು ಕೊಂಡನು. ಆದುದರಿಂದ ಇದು ಉದ್ಯೋಗೀ ಹಿಂಸೆ ಎಂದು ಹೇಳಿ ಸಮಾಧಾನಪಡಬಹುದು. ಆದರೆ ಉದ್ಯೋಗೀ ಹಿಂಸೆಗೆ ದೊರೆಯುವ ರಿಯಾಯಿತಿ ಅನಿವಾರ್ಯತೆಯ ಮೇಲೆ ನಿಂತಿದೆ. ಅನಿವಾರ್ಯತೆ ಇಲ್ಲವಾದ ದಿನ ರಿಯಾಯಿತಿಯೂ ಸಡಿಲವಾಗುತ್ತದೆ. ಬೇರೆ ದಾರಿ ಇದೆಯೆಂದು ತಿಳಿದೂ ಹಳೆಯ ದಾರಿಯನ್ನೇ ಆರಿಸಿಕೊಂಡಾಗ, ಆ ಆಯ್ಕೆ ಸಂಕಲ್ಪದ ನೆರೆಗೆ ಬಂದು ನಿಲ್ಲುತ್ತದೆ.

ಬೇರೆ ದಾರಿ ಇದೆ ಎಂಬುದಕ್ಕೆ ಸಾಕ್ಷಿ ದೂರವಿಲ್ಲ. 1970ರ ದಶಕದಲ್ಲಿ ಬಿ.ಬಿ.ಸಿ.ಯ ಎಂಜಿನಿಯರುಗಳು ಹೊರಾಂಗಣ ಪ್ರಸಾರದ ವಾಹನಗಳಲ್ಲಿ ಬಳಸಲು ಎಲ್.ಎಸ್. 3/5 ಎ ಎಂಬ ಪುಟ್ಟ ಸ್ಪೀಕರನ್ನು ರೂಪಿಸಿದರು. ಮನುಷ್ಯರ ಮಾತನ್ನು ಸಹಜವಾಗಿ ಕೇಳಿಸುವುದರಲ್ಲಿ ಇಂದಿಗೂ ರಸಿಕರು ಅದನ್ನು ಮಾದರಿಯೆಂದು ಹೇಳುತ್ತಾರೆ. ಅದರ ಟ್ವೀಟರಿನ ಗುಮ್ಮಟ ರೇಷ್ಮೆಯದಲ್ಲ, ಪ್ಲಾಸ್ಟಿಕ್ ಹಾಳೆಯದು. ಪಾಲಿಯೆಸ್ಟರ್ ಬಟ್ಟೆಯ ಗುಮ್ಮಟಗಳೂ ಅಲ್ಯುಮಿನಿಯಂ ಗುಮ್ಮಟಗಳೂ ಉತ್ತಮ ಸ್ಪೀಕರುಗಳಲ್ಲಿ ಬಳಕೆಯಲ್ಲಿವೆ. ಸರೇಸಿನ ಬದಲು ಕೃತಕ ಅಂಟು, ಅರಗಿನ ಬದಲು ಸಸ್ಯಜನ್ಯ ಎಣ್ಣೆಯ ಲೇಪ ಸಾಕು. ಗಣಿಯಿಂದ ಬರುವ ಲೋಹವೂ ಖನಿಜತೈಲದಿಂದ ಬರುವ ಪ್ಲಾಸ್ಟಿಕ್ಕೂ ಹಿಂಸೆಯಿಂದ ಪೂರ್ಣ ಮುಕ್ತವಲ್ಲವೆಂಬುದು ನಿಜ. ಶ್ರಾವಕಧರ್ಮ ಕೇಳುವುದು ಅಸಾಧ್ಯವನ್ನಲ್ಲ. ಎರಡು ದಾರಿಗಳಲ್ಲಿ ಕಡಿಮೆ ಹಿಂಸೆಯದನ್ನು ವಿವೇಕದಿಂದ ಆರಿಸುವುದನ್ನು.

ಇಲ್ಲಿ ಒಂದು ಆಕ್ಷೇಪಣೆ ಬರುವುದು ಸಹಜ. ಮದುವೆಗೆಂದು ಹತ್ತು ರೇಷ್ಮೆ ಸೀರೆ ತರುವ ಮನೆಯವರು ನಾಣ್ಯದಷ್ಟು ಅಗಲದ ರೇಷ್ಮೆಗಾಗಿ ಬಡಗಿಯನ್ನು ಪ್ರಶ್ನಿಸುವುದು ಎಷ್ಟು ಸರಿ? ಆಕ್ಷೇಪಣೆ ತೂಕವುಳ್ಳದ್ದು. ರೇಷ್ಮೆ ವಸ್ತ್ರದ ಬಗ್ಗೆ ಜೈನ ಸಮಾಜದಲ್ಲಿ ಚರ್ಚೆ ಹೊಸದೂ ಅಲ್ಲ, ಮುಗಿದೂ ಇಲ್ಲ. ಆದರೆ ಈ ಮಾತು ಟ್ವೀಟರಿನ ರೇಷ್ಮೆಯನ್ನು ಸಮರ್ಥಿಸುವುದಿಲ್ಲ. ಪ್ರಶ್ನೆಯನ್ನು ಬೀರುವಿನವರೆಗೂ ಒಯ್ಯುತ್ತದೆ, ಅಷ್ಟೆ. ದೊಡ್ಡ ದೋಷ ಉಳಿದಿದೆಯೆಂದು ಸಣ್ಣ ದೋಷವನ್ನು ಉಳಿಸಿಕೊಳ್ಳಬೇಕಾಗಿಲ್ಲ. ಸಣ್ಣದನ್ನು ಬಿಟ್ಟವನಿಗೆ ದೊಡ್ಡದು ಕಣ್ಣಿಗೆ ಬೀಳುವ ಸಂಭವ ಹೆಚ್ಚು.

ಅಹಿಂಸೆಯ ಮಾತು ಹೀಗಾದರೆ ಅಚೌರ್ಯದ ಮಾತೂ ಇದೆ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಕಳ್ಳತನಕ್ಕೆ ಪ್ರೇರಣೆ ಕೊಡುವುದು, ಕದ್ದ ವಸ್ತುವನ್ನು ಕೊಳ್ಳುವುದು, ರಾಜ್ಯದ ಕಟ್ಟಳೆಯನ್ನು ಮೀರುವುದು, ಅಳತೆ ತೂಕಗಳಲ್ಲಿ ಹೆಚ್ಚುಕಡಿಮೆ ಮಾಡುವುದು, ಒಂದರ ಹೆಸರಿನಲ್ಲಿ ಇನ್ನೊಂದನ್ನು ಮಾರುವುದು, ಇವೇ ಆ ಐದು. ಮಲೆನಾಡಿನ ಈ ಕಾರ್ಯಾಗಾರವನ್ನು ಕಣ್ಣೆದುರಿಗಿಟ್ಟುಕೊಂಡೇ ಬರೆದಂತಿದೆ ಈ ಪಟ್ಟಿ. ಬೀಟೆಯ ಮರಕ್ಕೆ ಹೊರದೇಶದಲ್ಲೂ ಬೇಡಿಕೆಯುಂಟು. ಆದರೆ ಸ್ವಂತ ಜಮೀನಿನ ಬೀಟೆಯನ್ನು ಕಡಿಯುವುದಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕು, 2017ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರವೂ ನಿಯಂತ್ರಣಕ್ಕೆ ಒಳಪಟ್ಟಿದೆ. ರಾತ್ರಿಯ ಹೊತ್ತು ಅಗ್ಗದಲ್ಲಿ ಬಂದ ಹಲಗೆಯನ್ನು ಎಲ್ಲಿಯದೆಂದು ಕೇಳದೆ ಕೊಂಡವನು ಮೊದಲ ಮೂರು ಅತಿಚಾರಗಳಿಗೂ ಬಾಗಿಲು ತೆರೆದಂತೆ. ಅಂಗೈಯಗಲದ ಪೆಟ್ಟಿಗೆಯ ಮೇಲೆ ಪಿ.ಎಂ.ಪಿ.ಓ. ಎಂಬ ಅಕ್ಷರಗಳೊಡನೆ ನೂರಾರು ವ್ಯಾಟುಗಳನ್ನು ಮುದ್ರಿಸುತ್ತಿದ್ದುದು ಬಹಳ ಮಂದಿಗೆ ನೆನಪಿರಬಹುದು. ಅದು ಸುಳ್ಳು ಅಳತೆಯ ಹೊಸ ರೂಪವೇ ಹೊರತು ಬೇರೆಯಲ್ಲ. ಮರದ ಪುಡಿಯನ್ನು ಒತ್ತಿ ಮಾಡಿದ ಹಲಗೆಗೆ ಕಾಗದದಷ್ಟು ತೆಳುವಾದ ತೇಗದ ಪದರ ಅಂಟಿಸುವುದು ತಪ್ಪಲ್ಲ, ಕಂಪನ ಕಡಿಮೆಯಾಗಲು ಅದು ಎಷ್ಟೋ ಸಲ ಗಟ್ಟಿ ಮರಕ್ಕಿಂತ ಮೇಲು. ಅದನ್ನು ಇಡೀ ತೇಗವೆಂದು ಹೇಳಿ ಮಾರುವುದು ಐದನೆಯ ಅತಿಚಾರ.

ಇನ್ನು ಪ್ರಮಾದದ ವಿಚಾರ. ಮಲೆನಾಡಿನ ಮಳೆಗಾಲದಲ್ಲಿ ಗಾಳಿಯೇ ಒದ್ದೆ. ಸರಿಯಾಗಿ ಒಣಗದ ಮರದಿಂದ ಮಾಡಿದ ಪೆಟ್ಟಿಗೆ ಉಬ್ಬುತ್ತದೆ, ಸೇರುವೆ ಬಿಡುತ್ತದೆ, ಕೋನಿನ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ; ಹಸಿ ಮರಕ್ಕೆ ಹುಳು ಬಿದ್ದರೆ ಆಮೇಲೆ ವಿಷ ಹಾಕಿ ಕೊಲ್ಲುವ ಪ್ರಸಂಗ ಬರುತ್ತದೆ. ಕಡಿದ ಮರವನ್ನು ತಾಳ್ಮೆಯಿಂದ ಒಣಗಿಸಿ, ಬೇಸಗೆಯಲ್ಲಿಯೇ ಬೆಸುಗೆ ಮುಗಿಸುವವನು ಈ ಎಲ್ಲವನ್ನೂ ತಪ್ಪಿಸಬಲ್ಲನು. ಅವಸರ ಲಾಭಕ್ಕೆ ಹತ್ತಿರ, ಹಿಂಸೆಗೂ ಹತ್ತಿರ. ಎಚ್ಚರ ತಪ್ಪಿದ ಮನಸ್ಸೇ ಹಿಂಸೆಯ ಮೂಲವೆಂದು ಹೇಳಿದ ಪರಂಪರೆಯಲ್ಲಿ, ನಿಧಾನವಾದ ಕೈಗೆಲಸಕ್ಕೆ ಒಂದು ಧಾರ್ಮಿಕ ಅರ್ಥವೂ ಇದೆ.

ಹೊಣೆ ತಯಾರಕನದಷ್ಟೇ ಅಲ್ಲ. ಕೃತ, ಕಾರಿತ, ಅನುಮೋದನ ಎಂದು ಕರ್ಮಕ್ಕೆ ಮೂರು ದ್ವಾರಗಳು. ಮಾಡುವವನು ಬಡಗಿಯಾದರೆ, ಹಣ ಕೊಟ್ಟು ಮಾಡಿಸುವವನು ಕೊಳ್ಳುವವನು, ಕೇಳಿ ತಲೆದೂಗುವವನು ಅನುಮೋದಿಸುವವನು. ಬಸದಿಯ ಸಭಾಮಂಟಪಕ್ಕೆ ಸ್ಪೀಕರು ತರಿಸುವ ಟ್ರಸ್ಟು ಬೆಲೆಯನ್ನೂ ವ್ಯಾಟನ್ನೂ ವಿಚಾರಿಸುತ್ತದೆ; ಗುಮ್ಮಟ ಯಾವುದರದೆಂದು ವಿಚಾರಿಸುವುದು ಅಪರೂಪ. ಮನೆಗೆ ಕೊಳ್ಳುವವನಿಗೆ ಇನ್ನೊಂದು ಪರೀಕ್ಷೆಯೂ ಇದೆ. ಈ ವಸ್ತುಗಳ ಬೆಲೆ ಲಕ್ಷಗಳಿಗೆ ಏರಬಲ್ಲದು. ಒಂದು ಜೊತೆಯನ್ನು ಕೊಂಡು ಆಯುಷ್ಯವಿಡೀ ಕೇಳುವವನು ಪರಿಗ್ರಹ ಪರಿಮಾಣದೊಳಗೆ ಇರಬಲ್ಲನು. ವರ್ಷಕ್ಕೊಂದು ಜೊತೆ ಬದಲಾಯಿಸುವವನ ಲಕ್ಷ್ಯ ಹಾಡಿನಿಂದ ಪೆಟ್ಟಿಗೆಗೆ ಜಾರಿರುತ್ತದೆ.

ಒಳ್ಳೆಯ ಸ್ಪೀಕರಿನಿಂದ ಬಸದಿಗೆ ಆಗುವ ನಿಜವಾದ ಉಪಕಾರವೊಂದಿದೆ. ಧ್ವನಿ ಸ್ಪಷ್ಟವಾಗಿದ್ದರೆ ಅದು ದೊಡ್ಡದಾಗಿರಬೇಕಾಗಿಲ್ಲ. ಅಕ್ಷರ ತಿಳಿಯದ ಕರ್ಕಶ ಧ್ವನಿವರ್ಧಕವನ್ನು ತಿಳಿಯಲೆಂದು ಇನ್ನಷ್ಟು ಏರಿಸುತ್ತಾರೆ. ಏರಿಸಿದಷ್ಟೂ ಅದು ಒರಟಾಗುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿಯನ್ನು ಹಾಕಿವೆ. ಕಾನೂನು ಬರುವ ಮೊದಲೇ ಅನರ್ಥದಂಡ ವಿರತಿ ವ್ರತ ಪ್ರಯೋಜನವಿಲ್ಲದ ಪೀಡೆಯನ್ನು ನಿಷೇಧಿಸಿತ್ತು. ನೆರೆಮನೆಯ ರೋಗಿಗೆ, ಓದುವ ಮಗುವಿಗೆ, ಮರದ ಹಕ್ಕಿಗೆ ಬೇಡವಾದ ಸ್ತೋತ್ರವನ್ನು ಬಲವಂತವಾಗಿ ಕೇಳಿಸುವುದರಿಂದ ಧರ್ಮಪ್ರಭಾವನೆ ಆಗುವುದಿಲ್ಲ.

ಹಾಗಾದರೆ ಕಡಹಿನಬೈಲಿನ ಆ ಕಲ್ಪಿತ ಶ್ರಾವಕನು ಕಸುಬನ್ನು ಬಿಡಬೇಕೇ? ಬಿಡಬೇಕಾಗಿಲ್ಲ. ಅವನು ಮಾಡಬೇಕಾದುದು ಇಷ್ಟೇ: ಪ್ರತಿಯೊಂದು ಪೆಟ್ಟಿಗೆಯ ಹಿಂಬದಿಗೂ ಒಂದು ಚೀಟಿಯನ್ನು ಅಂಟಿಸುವುದು. ಮರ ಯಾವುದು, ಎಲ್ಲಿಯದು, ಗುಮ್ಮಟ ಯಾವುದರದು, ಅಂಟು, ಲೇಪ, ತುಂಬಿದ ವಸ್ತು ಯಾವುವು, ನಿಜವಾದ ವ್ಯಾಟು ಎಷ್ಟು ಎಂದು ಅದರಲ್ಲಿ ಬರೆಯುವುದು. ಬರೆಯಲು ಕೈ ನಡುಗುವಂತಹ ವಸ್ತುವನ್ನು ಒಳಗೆ ಹಾಕದಿರಲು ಆ ಚೀಟಿಯೇ ಅವನಿಗೆ ಕಾವಲು. ಟ್ರಸ್ಟುಗಳೂ ಮನೆಯ ಯಜಮಾನರೂ ಕೊಳ್ಳುವ ಮೊದಲು ಪೆಟ್ಟಿಗೆಯನ್ನು ತಿರುಗಿಸಿ ಆ ಚೀಟಿಯನ್ನು ಓದಲಿ, ಇಲ್ಲದಿದ್ದರೆ ಕೇಳಿ ಬರೆಸಲಿ. ತನ್ನ ದನಿಯನ್ನು ಅಡಗಿಸಿ ಗಾಯಕನ ದನಿಯನ್ನು ಕೇಳಿಸುವ ಪೆಟ್ಟಿಗೆ, ತನ್ನೊಳಗೆ ಅಡಗಿದುದನ್ನೂ ಮುಚ್ಚಿಡದೆ ಹೇಳುವಂತಾದಾಗ ಅದರ ಸತ್ಯ ಪೂರ್ಣವಾಗುತ್ತದೆ.