ಉತ್ತರಿಸಲಾರದವರ ಅಂತರಂಗ

ವಾಚಕರೆ, ಬೂದಿಕೋಟೆಯು ಹೈದರಾಲಿಯ ಜನ್ಮಸ್ಥಳವೆಂದು ಪ್ರಸಿದ್ಧವಾಗಿದೆ. ಆತನು ಏನು ಮಾಡಿದನೆಂಬುದನ್ನು ಚರಿತ್ರೆಯು ತಿಳಿಸುತ್ತದೆ; ಏನು ಭಾವಿಸಿದನೆಂಬುದನ್ನು ತಿಳಿಸಲಾರದು. ಅಗಲಿದವರ ಅಂತರಂಗಕ್ಕೆ ಮಾತು ಕೊಡುವ ಅಧಿಕಾರ ಯಾರಿಗಿದೆ?

ಇದೇ ಕೋಲಾರ ಸೀಮೆಯಲ್ಲಿ 1891ರಲ್ಲಿ ಜನಿಸಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರು ಲೇಖಕರನ್ನೇ ನಾಯಕರನ್ನಾಗಿಸಿ ಸಣ್ಣ ಕಥೆಗಳನ್ನು ರಚಿಸಿದರು. ‘ಕವಿಯ ಕೊನೆಯ ದಿನ’ದ ನಾಯಕನು 1832ರಲ್ಲಿ ವೈಮಾರಿನಲ್ಲಿ ದೇಹವಿಟ್ಟ ಜರ್ಮನ್ ಕವಿ ಗಯಟೆ. ‘ಟಾಲ್‌ಸ್ಟಾಯ್ ಮಹರ್ಷಿಯ ಭೂರ್ಜವೃಕ್ಷಗಳು’ ರಷ್ಯದ ಮಹಾಲೇಖಕನನ್ನು ಕುರಿತದ್ದು.

ಆಡದ ಮಾತನ್ನು ಆಡಿದಂತೆ ಬರೆಯುವುದು ಅಸತ್ಯವಲ್ಲವೇ ಎಂದು ನೀವು ಕೇಳಬಹುದು. ಕಥೆಯು ತಾನು ಕಥೆಯೆಂದೇ ಹೇಳಿಕೊಳ್ಳುತ್ತದೆ. ಆದುದರಿಂದ ಅದು ವಂಚನೆಯಲ್ಲ. ಆದರೂ ಅಲ್ಲೊಂದು ಋಣವಿದೆ. ಮೃತನು ಎದ್ದು ಬಂದು ‘ನಾನು ಹಾಗೆಣಿಸಿರಲಿಲ್ಲ’ ಎನ್ನಲಾರನು. ಆದಕಾರಣ ಬರೆಯುವವನು ಆತನ ದೋಷವನ್ನು ತೂಗುವ ಮುನ್ನ ತನ್ನಲ್ಲಿಯೂ ಅದು ಇದೆಯೇ ಎಂದು ನೋಡಿಕೊಳ್ಳಬೇಕು. ಲೇಖಕನು ಲೇಖಕನನ್ನು ಚಿತ್ರಿಸುವಾಗ ಈ ಪರೀಕ್ಷೆಯಿಂದ ತಪ್ಪಿಸಿಕೊಳ್ಳಲಾಗದು. ಬರೆವ ಕೈಯ ಅಹಂಕಾರವನ್ನೂ ಅಳುಕನ್ನೂ ಅವನು ಬಲ್ಲವನು.

ನಾವು ಕಥೆಗಾರರಲ್ಲವೆಂದು ಸುಮ್ಮನಿರುವಂತಿಲ್ಲ. ಗತಿಸಿದ ತಂದೆಯ, ಮುನಿದು ದೂರವಾದ ಸೋದರನ ಮನಸ್ಸು ಇಂಥದೇ ಇತ್ತೆಂದು ನಾವು ನಿತ್ಯವೂ ನಿರ್ಣಯಿಸುತ್ತೇವೆ. ಅದು ನಮ್ಮ ಕಲ್ಪನೆಯೆಂದು ಮಾತ್ರ ಒಪ್ಪುವುದಿಲ್ಲ. ಕಥೆಗಾರನ ಆ ಒಂದು ಪ್ರಾಮಾಣಿಕತೆಯನ್ನಾದರೂ ನಾವು ಕಲಿಯೋಣ.